ತಿಕ್ಕಿ ತೊಳೆದ ಕಡ್ಡಿಗಳು

ದೊಡ್ಡ ಸಾಹೇಬರಿಗೆ, ಕೊಳಚೆ ನೀರಿನ ಘಟಕ ಗುಡಿಸುವವಳ ನಮಸ್ಕಾರ.

ಕರೆಂಟ್ ತೊಟ್ಟಿಗಳು ಕೆಟ್ಟಿದ್ದು ಇಂಜಿನಿಯರ್ ಮೇಡಂ ತಪ್ಪಿನಿಂದಲ್ಲ, ನನ್ನಿಂದ. ಕೊಳಚೆ ದೊಡ್ಡ ಕೊಳಕ್ಕೆ ಹೋಗುವ ಮೊದಲು ಅವರ ತೊಟ್ಟಿಗಳಲ್ಲಿ ಹಾದುಬರುತ್ತಿತ್ತು. ಅಲ್ಲಿನ ಕಡ್ಡಿಗಳಿಗೆ ಅಂಟಿದ ಲೋಳೆಯಲ್ಲಿ ಕಣ್ಣಿಗೆ ಕಾಣದ ಹುಳಗಳಿವೆ, ಅವು ಕೊಳೆ ತಿಂದು ಕರೆಂಟ್ ಕೊಡುತ್ತವೆ ಎಂದಿದ್ದರು. ನಾನು ನಕ್ಕಿದ್ದೆ. ನೀವು ನೋಡಲು ಬರುವ ದಿನ ಬೆಳಿಗ್ಗೆ, ಮೇಡಂ ಮಾನ ಹೋಗಬಾರದೆಂದು ಬ್ಲೀಚಿಂಗ್ ಪುಡಿ ಹಾಕಿ ಕಡ್ಡಿಗಳನ್ನೆಲ್ಲ ತಿಕ್ಕಿಬಿಟ್ಟೆ. ಆ ಕರೆಂಟಿನಿಂದ ಉರಿಸಿ ನಿಮಗೆ ತೋರಿಸಬೇಕಿದ್ದ ಬಲ್ಬು ಹತ್ತಲೇ ಇಲ್ಲ.

"ಅಯ್ಯೋ ಅಮ್ಮಾ, ಒಂದು ವರ್ಷ ಆ ಹುಳಗಳನ್ನ ಸಾಕಿದ್ನಲ್ಲಾ" ಎಂದರು ಮೇಡಂ, ಅಷ್ಟೇ. ನೀವು ಕೇಳಿದಾಗ, ತೊಳೆಯಲು ತಾನೇ ಹೇಳಿದ್ದೆ ಎಂದರು. ನಾನು ಪಕ್ಕದಲ್ಲೇ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಅವರ ಕೆಲಸ ಹೋಯಿತು, ನನ್ನದು ಉಳಿಯಿತು. ಅಂದಿನಿಂದ ದೇವರಿಗೆ ಕೈ ಮುಗಿಯಲೂ ಆಗುತ್ತಿಲ್ಲ.

ಅವರನ್ನು ವಾಪಸ್ ಕರೆಸಿ ಎಂದು ಕೇಳಲು ಆಫೀಸಿಗೆ ಬಂದಿದ್ದೆ. ತೊಟ್ಟಿಗಳನ್ನು ಒಡೆದು ಸಾಗಿಸಿಯಾಯಿತಂತೆ. "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋಕೆ ಬಂದ್ಯಾ?" ಎಂದರು ಗುಮಾಸ್ತರು.

ಆದರೂ ಬರೆದಿದ್ದೇನೆ. ಇದನ್ನು ಮೇಡಂ ಫೈಲಿನಲ್ಲಿ ಇಡಿಸಿ. ಅವರ ಕೋಣೆ ತೊಳೆದುಕೊಡು ಎಂದು ಹೇಳಿಕಳಿಸಿದ್ದೀರಿ. ಆ ಕೆಲಸ ಬೇರೆ ಯಾರಿಗಾದರೂ ಹೇಳಿ.

ಇಂತಿ,
ನಿಮ್ಮ ಘಟಕದ ಆಯಾ