ಕುಟುಂಬ ಹಯಾತ್ ಇರುವವರೆಗೆ

ಗುಲ್ಟೇಕಡಿ, ಪುಣೆ
೩ ಆಗಸ್ಟ್ ೨೦೨೫

ತಮ್ಮ ಚನ್ನವೀರನಿಗೆ ಅಕ್ಕನ ಆಶೀರ್ವಾದ.

ಬಿಪಿ ಗುಳಿಗೆ ತಪ್ಪಿಸುತ್ತಿಲ್ಲ ತಾನೆ? ಡಬ್ಬಿ ನೀನು ಇಲ್ಲೇ ಬಿಟ್ಟು ಹೋಗಿದ್ದೆ, ಕಳಿಸಿದ್ದೇನೆ. ಪಂಚಮಿಗೂ ಬರಲಿಲ್ಲ ನೀನು, ಉಂಡಿಯೂ ಜೊತೆಗಿವೆ. ಹನ್ನೆರಡು ದಿನದಿಂದ ನಿನ್ನ ಫೋನು ಬಂದ್. ಇಂದಾಪುರದ ನಿನ್ನ ಮಾವನ ಮನೆಗೆ ಮಾಡಿದರೆ "ಹೊರಗ ಹೋಗ್ಯಾರ್ರೀ" ಎನ್ನುತ್ತಾರೆ. ನೀನು ಗೋಡೆಗೆ ಮುಖ ಮಾಡಿ ಮಲಗಿದ್ದೀ ಎಂದು ನನಗೆ ಗೊತ್ತು. ಅದಕ್ಕೇ ಹಮಾಲಿ ಹುಲಿಗೆಪ್ಪ ಕಾಕಾನ ಕೈಯಲ್ಲಿ ಈ ಪತ್ರ. ನೀನು ಓದಿ ಮುಗಿಸುವವರೆಗೆ ಎದ್ದು ಬರಬೇಡ ಎಂದು ಅವನಿಗೆ ಹೇಳಿದ್ದೇನೆ.

ತೀರ್ಪಿನ ದಿನ ನೀನು ಅರ್ಧಕ್ಕೇ ಎದ್ದು ಹೋದೆ. ಉಳಿದರ್ಧ ಕೇಳು. ಜಗಳವೆಲ್ಲ ಒಂದೇ ಪದದ್ದು. ೧೯೮೨ರಲ್ಲಿ ನಮ್ಮಪ್ಪ ಈರಬಸಪ್ಪನೂ ಜಾಗದ ಮಾಲಕನೂ ಕೂಡಿ ಮರಾಠಿಯಲ್ಲಿ ಬರೆಸಿದ ಕರಾರು: ಈರಬಸಪ್ಪ ಮತ್ತು ಅವರ ಕುಟುಂಬ ಹಯಾತ್ ಇರುವವರೆಗೆ, ಅಂದರೆ ಬದುಕಿರುವವರೆಗೆ, ಇಲ್ಲಿ ಖಾನಾವಳಿ ನಡೆಸಬಹುದು. ಕುಟುಂಬ ಅಂದರೆ ಮನೆಮಂದಿ, ಹಾಗಾದರೆ ನಾನೂ ಬಂದೆ ಎಂದೆವು. ಮಾಲಕನ ಮೊಮ್ಮಗ ಅಮೋಘ, ನಮ್ಮ ರೊಟ್ಟಿ ತಿಂದೇ ಬೆಳೆದವನು, ಕುಟುಂಬ ಅಂದರೆ ಹೆಂಡತಿ, ಗಂಡನ ಹಿಂದೆ ಆಕೆಯೂ ಹೋದ ವರ್ಷ ತೀರಿಕೊಂಡಳು, ಜಾಗ ಬಿಡಿ ಎಂದ.

ನ್ಯಾಯಾಧೀಶರು ಹೇಳಿದ್ದಿಷ್ಟು: ಹಳೆಯ ಕರಾರಿನ ಪದಕ್ಕೆ ಇಂದಿನ ಅರ್ಥ ಹಚ್ಚಬಾರದು, ಬರೆಸಿದ ಕಾಲಕ್ಕೆ ಬರೆಸಿದವರ ಬಾಯಲ್ಲಿ ಅದಕ್ಕೆ ಏನರ್ಥವಿತ್ತೋ ಅದೇ ಅರ್ಥ. ಪಕ್ಕದ ಪದವನ್ನೂ ನೋಡಬೇಕು. ಹಯಾತ್ ಎನ್ನುವುದು ಒಬ್ಬರ ಜೀವಕ್ಕೆ, ವಂಶಕ್ಕಲ್ಲ. ಆಮೇಲೆ ನಿನ್ನ ಸಾಕ್ಷಿ ಓದಿದರು. ನಿಮ್ಮ ತಂದೆ ಪರರ ಮುಂದೆ ತಾಯಿಯನ್ನು ಏನನ್ನುತ್ತಿದ್ದರು ಎಂದು ಅಮೋಘನ ವಕೀಲ ಪಾಟೀಸವಾಲಿನಲ್ಲಿ ನಯವಾಗಿ ಕೇಳಿದ. ನೀನು ನಕ್ಕು, ಥೇಟ್ ಅಪ್ಪನ ಧ್ವನಿಯಲ್ಲೇ, "ಇವರು ನಮ್ಮ ಕುಟುಂಬ ರೀ" ಎಂದು ತೋರಿಸಿಕೊಟ್ಟೆ. ನನಗೂ ನಗು ಬಂದಿತ್ತು, ಚನ್ನೂ. ಅಪ್ಪನೇ ಬಂದು ಕಟಕಟೆಯಲ್ಲಿ ನಿಂತ ಹಾಗಿತ್ತು. ಆ ಮಾತಿನ ಮೇಲೇ ಕುಟುಂಬ ಅಂದರೆ ಹೆಂಡತಿ ಎಂದು ತೀರ್ಪಾಯಿತು.

ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ಆ ಪದದ ಮೇಲೆ. ಒಲೆಯ ಮುಂದೆ ನಲವತ್ತು ವರ್ಷ ಬೆಂದವಳಿಗೆ ಶಿವಗಂಗವ್ವ ಎಂಬ ಹೆಸರಿತ್ತು. ಅಪ್ಪನ ನಾಲಿಗೆಗೆ ಅದು ಬರಲಿಲ್ಲ, ಕರಾರಿಗೆ ಬರಲಿಲ್ಲ, ಬೋರ್ಡಿಗೆ ಬರಲಿಲ್ಲ. ಆ ಜಾಗದ ಮೇಲೆ ಅವಳ ಹಕ್ಕಿತ್ತು ಎಂದು ಬದುಕಿದ್ದಾಗ ಒಬ್ಬನೂ ಹೇಳಲಿಲ್ಲ. ಸತ್ತ ಮೇಲೆ ಕೋರ್ಟು ಹೇಳಿತು, ಅದೂ ಅವಳ ಮಗಳನ್ನು ಹೊರಗೆ ಹಾಕುವುದಕ್ಕೆ. ಇನ್ನು ನಾನು? ಹೆಂಗಸರ ಹೆಸರು ಕಾಗದಕ್ಕೆ ಬರಲಿ ಎಂದು ಮೋರ್ಚಾಗಳಲ್ಲಿ ಇಪ್ಪತ್ತು ವರ್ಷ ಗಂಟಲು ಹರಿದುಕೊಂಡವಳು. ಗಲ್ಲೆಪೆಟ್ಟಿಗೆಯ ಕೆಳಗಿದ್ದ ನಮ್ಮದೇ ಕರಾರನ್ನು ಒಂದು ದಿನ ಬಿಚ್ಚಿ ಓದಲಿಲ್ಲ. ಅವ್ವನಿದ್ದಾಗಲೇ ಓದಿದ್ದರೆ ಹೊಸ ಕರಾರು ಬರೆಸಿ ಎಂದು ಅಮೋಘನ ಅಜ್ಜನನ್ನು ಕೇಳಬಹುದಿತ್ತು, ಮುದುಕ ಒಳ್ಳೆಯವನಿದ್ದ. ತಪ್ಪು ಹುಡುಕಬೇಕೆಂದರೆ ಇಲ್ಲಿ ಹುಡುಕು.

ಮೂವತ್ತೊಂದಕ್ಕೆ ಬೀಗದ ಕೈ ಕೊಡಬೇಕು. ನಿನ್ನೆ ಮಾರ್ಕೆಟ್ ಯಾರ್ಡಿನ ಹಮಾಲರು ಉಂಡು, ಎಂದಿನಂತೆ ತಾಟು ಸರಿಸಿ ಏಳದೆ, ಹಾಗೇ ಕೂತಿದ್ದರು. ನಾನೇ ಬೈದು ಎಬ್ಬಿಸಿದೆ.

ನಿನ್ನ ಹೆಂಡತಿಗೂ ಅತ್ತೆ ಮಾವನಿಗೂ ನನ್ನ ಶರಣು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ತಣ್ಣಗಿರು.

ನಿನ್ನ ಅಕ್ಕ,
ಶಿವಗಂಗವ್ವನ ಮಗಳು ನೀತಾ

ತಾ.ಕ.: ಹುಲಿಗೆಪ್ಪ ಕಾಕಾ ಹೊರಟು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಮ್ಮ ವಕೀಲರು ನಿನ್ನ ಸಹಿಗೆಂದು ಒಂದು ಕಾಗದ ಕೊಟ್ಟಿದ್ದರು: ಪ್ರಶ್ನೆ ಮರಾಠಿಯಲ್ಲಿತ್ತು, ತಿಳಿಯದೆ ಹಾಗೆ ಹೇಳಿದೆ, ಅಪ್ಪ ಎಂದೂ ಹಾಗೆ ಕರೆದವರಲ್ಲ ಎಂದು. ಅದಿಲ್ಲದೆ ಅಪೀಲು ನಿಲ್ಲುವುದಿಲ್ಲವಂತೆ. ನಿಲ್ಲದಿದ್ದರೆ ಬೇಡ. ಅಪ್ಪ ಅವ್ವನಿಗೆ ಕೊಟ್ಟದ್ದು ಆ ಒಂದೇ ಪದ. ಅದನ್ನೂ ಸುಳ್ಳು ಮಾಡಿ ನಾನು ರೊಟ್ಟಿ ಮಾರಲಾರೆ. ಕಾಗದ ಒಲೆಗೆ ಹಾಕಿದ್ದೇನೆ. ನೀನು ಮಾತ್ರ ಮೂವತ್ತಕ್ಕೆ ಬಾ. ಅವ್ವನ ದೊಡ್ಡ ಹಂಚು ನನ್ನೊಬ್ಬಳಿಂದ ಏಳುವುದಿಲ್ಲ.