ಕೆಟ್ಟುಹೋದ ಹನ್ನೊಂದು ಥರ್ಮಾಮೀಟರು

ಮೇ 5, ಸೋಮವಾರ

ಮೊದಲ ದಿನವೇ ತಡ. ತರಬೇತಿ ಕೇಂದ್ರದ ಬಾಗಿಲಲ್ಲೇ ಸಹಿ ಪುಸ್ತಕ, ಬಂದ ಹೊತ್ತು ಬರೆಯಬೇಕು. 9.12. ನನ್ನ ಮೇಲಿನ ಸಾಲಿನಲ್ಲೇ ಮರಿ ಮೇಡಂ — 8.50. ದುಂಡಗಿನ ಅಕ್ಷರ. ನಾನೇ ತಿದ್ದಿಸಿದ್ದು.

ರಜೆ ಹಾಳು. ವಿಜ್ಞಾನದ ಟೀಚರುಗಳಿಗೆ ಎರಡು ವಾರ 'ಮಾಡಿ ಕಲಿ' ತರಬೇತಿ. ಇಪ್ಪತ್ತೆರಡು ವರ್ಷ ಪಾಠ ಮಾಡಿದವಳ ಕೈಗೆ ಬಲೂನು, ಸ್ಟ್ರಾ, ಮೇಣದಬತ್ತಿ ಕೊಟ್ಟು ಕೂರಿಸಿದ್ದಾರೆ. ಸುಮ್ಮನೆ ಅಲ್ಲ ಇದು. ರಜೆಗೆ ಮೊದಲೇ ಎಚ್.ಎಂ. ಅಂದಿದ್ದರು — "ಮುಂದಿನ ವರ್ಷ ಹತ್ತನೇ ಕ್ಲಾಸು, ಲ್ಯಾಬು, ಎರಡೂ ಒಬ್ಬರಿಗೇ. ತರಬೇತಿ ರಿಪೋರ್ಟ್ ನೋಡಿ ಹೇಳ್ತೀನಿ." ಲ್ಯಾಬಿನ ಬೀಗದ ಕೈ ಇಷ್ಟು ವರ್ಷ ನನ್ನ ಬ್ಯಾಗಿನಲ್ಲೇ ಇದೆ. ಈಗೇನು ರಿಪೋರ್ಟು?

ನಮ್ಮ ಶಾಲೆಯಿಂದ ಇಬ್ಬರೇ. ನಾನು, ಹೋದ ವರ್ಷ ಸೇರಿದ ಮರಿ ಮೇಡಂ. ಒಂದು ಕಾಲಕ್ಕೆ ನನ್ನ ಕ್ಲಾಸಿನ ಎರಡನೇ ಬೆಂಚಿನ ಹುಡುಗಿ. ಗುರುವಿಗೇ ತಿರುಮಂತ್ರ ಹಾಕಲು ಹೊರಟಿದ್ದಾಳೋ ಏನೋ.

ಮೇ 6

ತರಬೇತಿ ಕೊಡುವವರನ್ನು ಏನು ಕೇಳಿದರೂ ಉತ್ತರ ಇಲ್ಲ. "ಯಾಕೆ ಹಾಗನ್ನಿಸ್ತು?" ಅಂತ ತಿರುಗಿ ನಮ್ಮನ್ನೇ ಕೇಳುತ್ತಾರೆ. ಎರಡೇ ದಿನಕ್ಕೆ 'ಯಾಕಪ್ಪ' ಅಂತ ಹೆಸರು ಬಿತ್ತು. ಜೇಬಿನಲ್ಲಿ ನೀಲಿ ನೋಟ್‌ಬುಕ್ಕು. ಬೆಂಚಿಂದ ಬೆಂಚಿಗೆ ಓಡಾಡುತ್ತ ಏನೋ ಬರೆದುಕೊಳ್ಳುತ್ತಾರೆ. ನನ್ನ ಬಲೂನು ಒಡೆದಾಗಲೂ ಬರೆದರು. ಬಲೂನು ಒಡೆಯುವುದರಲ್ಲಿ ಬರೆಯುವಂಥದ್ದೇನಿದೆ?

ಮಧ್ಯಾಹ್ನ ಮರಿ ಮೇಡಂ — "ಟೀಚರ್, ಫ್ಯಾನ್ ಕೆಳಗೆ ನಿಮಗೆ ಜಾಗ ಹಿಡಿದಿದ್ದೀನಿ." ಅತಿವಿನಯಂ ಧೂರ್ತಲಕ್ಷಣಂ. ಫ್ಯಾನಿನ ಕೆಳಗಿನ ಆ ಜಾಗ ಯಾಕಪ್ಪನ ಮೇಜಿಗೆ ಸರಿಯಾಗಿ ಎದುರು. ಗೋಡೆ ಪಕ್ಕ ಹೋಗಿ ಕೂತೆ. ಬೆವರು ಇಳಿದು ಸೀರೆಯೆಲ್ಲ ಒದ್ದೆ.

ಮೇ 13, ಸಂಜೆ 6

ಇವತ್ತು ಖುಷಿ.

ನೀರು ಕುದಿಸುವ ಪ್ರಯೋಗ. ಎಂಟನೇ ಕ್ಲಾಸಿನದು! ಇಬ್ಬರಿಗೊಂದು ಬೀಕರು, ಒಂದು ಥರ್ಮಾಮೀಟರು. ಹಾಳೆ ಮಾತ್ರ ತಲೆಗೊಂದು. ನಿಮಿಷಕ್ಕೊಮ್ಮೆ ನೋಡಿ ಬರೆಯಬೇಕು. ಜೋಡಿ ಯಾರು? ಮರಿ ಮೇಡಂ. ಬೇಕೆಂದೇ ಹಾಕಿದ್ದಾರೆ. ಕೊನೆಯ ಸಾಲಿಗೆ 100 ಅಂತ ಮೊದಲೇ ತುಂಬಿಸಿಟ್ಟೆ. ಕುದಿಯುವ ನೀರು ಮತ್ತೆಷ್ಟಕ್ಕೆ ಕುದಿಯಬೇಕು?

ಅವಳು ಬಗ್ಗಿ ನೋಡಿ, ಮೆತ್ತಗೆ — "ಟೀಚರ್, ತೊಂಬತ್ತೇಳಕ್ಕೇ ನಿಂತಿದೆ. ಇನ್ನೊಂದ್ಸಲ ನೋಡ್ತೀರಾ?"

ಹೂಂ! ನನ್ನ ಕೈಯಲ್ಲಿ ತಪ್ಪು ಬರೆಸುವ ಉಪಾಯ. ಇದೆಲ್ಲ ನೋಡದೆ ಕೂದಲು ನೆರೆತಿಲ್ಲ.

"ಥರ್ಮಾಮೀಟರ್ ಕೆಟ್ಟಿದೆ. ನಮ್ಮ ಲ್ಯಾಬಲ್ಲೂ ಕೆಡ್ತಾನೇ ಇರುತ್ತೆ. ಕೆಟ್ಟಿದ್ದನ್ನ ನಂಬ್ಕೊಂಡು ಬರೀತಾರಾ?"

ಏನೋ ಹೇಳಲು ಬಾಯಿ ತೆರೆದಳು. ನಾನು ಮುಖ ತಿರುಗಿಸಿದೆ. ತನ್ನ ಹಾಳೆಯಲ್ಲಿ 97 ಅಂತಲೇ ಬರೆದುಕೊಂಡಳು. ಬಿದ್ದಳು ಹಳ್ಳಕ್ಕೆ.

ಆದರೆ ಬಿಟ್ಟ ಮೇಲೆ ವರಾಂಡದಲ್ಲಿ ಅವಳೂ ಯಾಕಪ್ಪನೂ ಗುಸುಗುಸು. "ನಮ್ಮ ಟೀಚರ್..." ಅಂದದ್ದು ಕಿವಿಗೆ ಬಿತ್ತು. ನನ್ನನ್ನು ನೋಡಿ ಇಬ್ಬರೂ ಗಪ್‌ಚುಪ್. ಮನೆಗೆ ಬಂದು ಇವರಿಗೆ ಹೇಳಿದರೆ — "ನಿನಗೆ ನೆರಳಿನ ಮೇಲೂ ಅನುಮಾನ ಕಣೇ."

ಮೇ 14

ಮೂವತ್ತು ಹಾಳೆ. 100 ಬರೆದವರು ಹತ್ತೊಂಬತ್ತು ಜನ. ಯಾಕಪ್ಪ ಹೆಸರು ಓದಲಿಲ್ಲ. ಒಂದೇ ಮಾತು ಕೇಳಿದರು — "ನೂರನ್ನ ಕಣ್ಣಲ್ಲಿ ನೋಡಿದವರು ಕೈ ಎತ್ತಿ."

ನನ್ನ ಕೈ ಅರ್ಧಕ್ಕೆ ಹೋಗಿ ಇಳಿಯಿತು.

"ಈ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರ?"

ಒಂಬೈನೂರು ಮೀಟರು. ರೈಲ್ವೆ ಸ್ಟೇಷನ್ನಿನ ಬೋರ್ಡಿನ ಮೇಲೇ ಇದೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ನೀರು ಕಡಿಮೆ ತಾಪಕ್ಕೇ ಕುದಿಯುತ್ತದೆ — ಪ್ರತಿ ವರ್ಷ ಈ ವಾಕ್ಯ ಹೇಳಿ ಬರೆಸಿದವಳು ನಾನೇ. ಪಕ್ಕದಲ್ಲಿ ಹಿಮದ ಬೆಟ್ಟದ ಚಿತ್ರ ಬೇರೆ. ನಾನು ನಿಂತ ನೆಲವೇ ಎತ್ತರದಲ್ಲಿದೆ ಅಂತ ಒಂದು ದಿನವೂ ಹೊಳೆಯಲಿಲ್ಲ.

ನಮ್ಮ ಲ್ಯಾಬಿನಲ್ಲೂ ಪ್ರತಿ ವರ್ಷ 97 ಬರುತ್ತಿತ್ತು. ಥರ್ಮಾಮೀಟರಿಗೆ 'ಕೆಟ್ಟಿದೆ' ಅಂತ ಚೀಟಿ ಅಂಟಿಸಿ ಬೀರುವಿಗೆ ಹಾಕುತ್ತಿದ್ದೆ, ಎರಡು ವರ್ಷಕ್ಕೊಮ್ಮೆ ಹೊಸದು ತರಿಸುತ್ತಿದ್ದೆ. ಹೀಗೆ ಹನ್ನೊಂದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹೊರಗೆ ಮರಿ ಮೇಡಂ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ನೇರ ಕೇಳಿದೆ — "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಟೀಚರ್. ಎಂಟನೇ ಕ್ಲಾಸಲ್ಲಿ ನಾನು ತೊಂಬತ್ತೇಳು ಅಂತ ಬರೆದಿದ್ದೆ. ನೀವು ಕೆಂಪಿಂಕಲ್ಲಿ ಹೊಡೆದು ನೂರು ಮಾಡಿದ್ರಿ. ಯಾಕೆ ಅಂತ ಕೇಳೋಕೆ ಭಯ. ಅದನ್ನ ತಿಳ್ಕೊಳ್ಳೋಕೇ ಸೈನ್ಸ್ ತಗೊಂಡಿದ್ದು."

"ನನಗೆ ಹೇಳ್ಬಾರದಿತ್ತಾ?"

"ನಿನ್ನೆ ಹೇಳೋಕೇ ಬಂದೆ. ನೀವು ಆ ಕಡೆ ತಿರುಗಿದ್ರಿ."

"ಮತ್ತೆ ಅವರ ಹತ್ರ ಏನು ಗುಸುಗುಸು?"

ತಲೆ ತಗ್ಗಿಸಿದಳು. "ಹೆಸರು ಓದ್ಬೇಡಿ ಸರ್ ಅಂದೆ. ಅಷ್ಟೇ."

ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತೆ. ಇಪ್ಪತ್ತೆರಡು ವರ್ಷ... ವರ್ಷಕ್ಕೆ ಐವತ್ತು ಮಕ್ಕಳು. ಕಣ್ಣಾರೆ ಕಂಡದ್ದನ್ನು ಹೊಡೆದುಹಾಕಿ ಅಂತ ಕಲಿಸಿದ್ದೇನೆ. ನಾಚಿಕೆಯಾಗುತ್ತಿದೆ. ಬರೆಯಲೂ ನಾಚಿಕೆ.

ಮೇ 15

ಹೋಗಲಿಲ್ಲ. ತಲೆನೋವು ಅಂತ ಮೆಸೇಜು ಹಾಕಿದೆ. ತಲೆ ನೋಯುತ್ತಿರಲಿಲ್ಲ.

ಮೇ 17, ಶನಿವಾರ, ಮಧ್ಯಾಹ್ನ 3

ಎಚ್.ಎಂ.ಗೆ ಫೋನು. "ರಿಪೋರ್ಟ್ ಕಾಯ್ಬೇಡಿ ಸರ್. ಹತ್ತನೇ ಕ್ಲಾಸು, ಲ್ಯಾಬು, ಎರಡೂ ಅವಳಿಗೇ ಕೊಡಿ."

ಅತ್ತ ಕಡೆಯಿಂದ — "ಏನ್ ಮೇಡಂ, ಏನಾದ್ರೂ ಪ್ಲಾನಾ?"

ಪಾಪ, ಅವರ ತಪ್ಪಲ್ಲ. ನಗುವೂ ಬಂತು, ಅಳುವೂ ಬಂತು.

ಸೋಮವಾರ ಬೀಗದ ಕೈ ಅವಳಿಗೆ ಕೊಡುತ್ತೇನೆ. ಅದಕ್ಕೆ ಮೊದಲು ಒಂದು ಕೆಲಸ. ಬೆಳಿಗ್ಗೆ ಶಾಲೆಗೆ ಹೋಗಿ ಬೀರುವಿನಿಂದ ಹನ್ನೊಂದನ್ನೂ ತಂದೆ. ಜೊತೆಗೆ ಒಂದು ಹಳೇ ಬೀಕರು. ಈಗ ಅಡುಗೆಮನೆಯ ಒಲೆಯ ಮೇಲೆ ನೀರು ಕುದಿಯುತ್ತಿದೆ. ಇವರು ಬಾಗಿಲಲ್ಲಿ ಇಣುಕಿ — "ಯಾರಿಗೇ ಇಷ್ಟು ಜ್ವರ?"

97. 97. 97. ನಾಲ್ಕನೆಯದು 96. ಅದನ್ನೂ ಹಾಗೇ ಬರೆದೆ. 97. 97. 97. 97. 97. 97.

ಉಳಿದದ್ದು ಒಂದು. ಚೀಟಿಯ ಅಂಟು ಹಳದಿಯಾಗಿದೆ. 'ಕೆಟ್ಟಿದೆ', ನನ್ನ ಸಹಿ, ತಾರೀಕು. ಅವಳು ಎಂಟನೇ ಕ್ಲಾಸಿನಲ್ಲಿದ್ದ ವರ್ಷದ್ದು. ನೀರಿಗೆ ಬಿಟ್ಟಿದ್ದೇನೆ. ಎಷ್ಟಕ್ಕೆ ನಿಲ್ಲುತ್ತದೆ ಅಂತ ಗೊತ್ತು. ಗೊತ್ತು ಅಂತ ಬರೆಯುವುದಿಲ್ಲ. ತೊಂಬತ್ತು... ತೊಂಬತ್ತನಾಲ್ಕು... ಕನ್ನಡಕಕ್ಕೆ ಹಬೆ, ಒರೆಸಿಕೊಂಡು ಮತ್ತೆ ನೋಡುತ್ತಿದ್ದೇನೆ. ತೊಂಬತ್ತಾರು... ಇನ್ನೂ ಏರುತ್ತಿದೆ, ನಿಂತ ಮೇಲೆ ಬರೆ—