ಕಾಳ್ಯಾನ ಹರಿದ ಕಿವಿ

ಏಪ್ರಿಲ್ 6, 2006

ಬೆಳಗ್ಗೆಯಿಂದ ಎರಡು ಮದುವೆ ಆಲ್ಬಮ್. ಮೊಡವೆ ಅಳಿಸು, ಕಲೆ ಅಳಿಸು, ಬೆಳ್ಳಗೆ ಮಾಡು, ಮುಂದಿನದು. ಹಳಿಯಾಳದ ಮದುಮಕ್ಕಳಿಗೆಲ್ಲ ನನ್ನ ಕೈಯಿಂದ ಒಂದೇ ಮೈಬಣ್ಣ. ಅಪ್ಪನ ಸ್ಟುಡಿಯೋ ನಡೆಯುವುದೇ ಇದರ ಮೇಲೆ.

ಮಧ್ಯಾಹ್ನ ತಾಂಡಾದ ಕಾಜಲ್ ಬಂದಳು, ಅವ್ವ ದ್ವಾರಕಾಬಾಯಿಯ ಜೊತೆ. ಈ ತಿಂಗಳ ಇಪ್ಪತ್ಮೂರಕ್ಕೆ ಅವಳ ಮದುವೆ, ಫೋಟೋ ನಮ್ಮದೇ. ಬಂದದ್ದು ಅದಕ್ಕಲ್ಲ. ಅವರ ಕರಿ ನಾಯಿ ಕಾಳ್ಯಾನನ್ನು ಮುಂಡಗೋಡಕ್ಕೆ, ಗಂಡನ ಮನೆಗೆ, ಒಯ್ಯುವ ಹಾಗಿಲ್ಲವಲ್ಲ... ಅವನ ದೊಡ್ಡ ಚಿತ್ರವಾದರೂ ಬೇಕಂತೆ. ಹೇಳುತ್ತಲೇ ಕಣ್ಣು ತುಂಬಿಕೊಂಡಳು. ನಾಯಿಗೂ ಫೋಟೋನಾ ಎಂದು ದ್ವಾರಕಾಬಾಯಿ ನಕ್ಕರು.

ಸಂಜೆ ಹೋಗಿ ತೆಗೆದೆ. ಒಂದೇ ನೆಟ್ಟಗೆ ಬಂದಿದೆ.

ಏಪ್ರಿಲ್ 8

ಫೋಟೋಶಾಪ್‌ನಲ್ಲಿ ಇಡೀ ದಿನ ಕಾಳ್ಯಾ. ಕಾಂಟ್ರಾಸ್ಟ್ ಏರಿಸುತ್ತ ಹೋದೆ. ಬೂದು ಬಣ್ಣವೆಲ್ಲ ಮಾಯ, ಬರೀ ಕಪ್ಪು ಬಿಳುಪು. ಮೊದಲು ಇದ್ದಿಲಿನ ಗುಡ್ಡೆಯಂತಿದ್ದ. ಎದೆಗೆ ಬೆಳಕು ಕೊಟ್ಟೆ, ಕಣ್ಣಿಗೆ ಬಿಳಿ ಚುಕ್ಕೆ ಇಟ್ಟೆ. ಎದ್ದು ಕೂತ! ಅಪ್ಪ ಚೆನ್ನಾಗಿದೆ ಎಂದರು. ಅವರ ಬಾಯಿಂದ ಆ ಮಾತು ಬರುವುದೇ ಅಪರೂಪ. ಖುಷಿಯಲ್ಲಿ ಹಳೆಯ ಫೈಲ್ ಮೇಲೆಯೇ ಸೇವ್ ಮಾಡಿದೆ. ಸಿಡಿ ಬಸ್ ಕಂಡಕ್ಟರ್ ಕೈಯಲ್ಲಿ ಹುಬ್ಬಳ್ಳಿಗೆ ಹೋಯಿತು, ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಲು.

ಏಪ್ರಿಲ್ 13

ಕ್ಯಾನ್ವಾಸ್ ಬಂತು. ಕಾಜಲ್ ಬಂದಳು. ನೋಡಿದಳು. ಮುಖ ಸಪ್ಪಗಾಯಿತು.

"ಅಕ್ಕಾ, ಇವ ಯಾವನೋ ಬ್ಯಾರೆ ನಾಯಿ. ನಮ್ಮ ಕಾಳ್ಯಾನ ಕಿವಿ ಹರದೈತ್ರಿ."

ಎರಡು ವರ್ಷದ ಕೆಳಗೆ ಗೋವಿನಜೋಳದ ಹೊಲದಲ್ಲಿ ಕಾಡುಹಂದಿ ಇವಳ ಮೈಮೇಲೆ ಬಂದಾಗ ಕಾಳ್ಯಾ ಅಡ್ಡ ಹೋಗಿದ್ದನಂತೆ. ಕಿವಿ ಅವತ್ತು ಹರಿದದ್ದು. ನಾನು ಅದನ್ನು ಮೊಡವೆಯ ಹಾಗೆ ತೇಪೆ ಹಾಕಿ ಮುಚ್ಚಿದ್ದೇನೆ! ಮುಚ್ಚಿದ್ದು ನೆನಪೂ ಇಲ್ಲ. ಹಳೆಯ ಫೈಲೂ ಇಲ್ಲ. ಹಾಳು ಕೈ. ನಾಚಿಕೆಯಾಗಿ ಮಧ್ಯಾಹ್ನ ಊಟವೇ ಸೇರಲಿಲ್ಲ.

ಏಪ್ರಿಲ್ 14

ಮತ್ತೆ ತಾಂಡಾ. ಕ್ಯಾಮೆರಾ ಕಂಡದ್ದೇ ಕಾಳ್ಯಾ ಹೊರಸಿನ ಕೆಳಗೆ ಹೊಕ್ಕ. ಬಿಸ್ಕತ್ತಿಗೂ ಬರಲಿಲ್ಲ. ಕೊನೆಗೆ ದ್ವಾರಕಾಬಾಯಿ ನೆಲಕ್ಕೆ ಕೂತು ತಮ್ಮ ಮಾತಿನಲ್ಲಿ ಏನೋ ಮುದ್ದು ಮಾಡಿದರು. ಕಾಳ್ಯಾ ಹೊರಬಂದು ಕಿವಿ ನೆಟ್ಟಗೆ ಮಾಡಿ ಕೂತ. ಕ್ಲಿಕ್. ಈ ಸಲ ಮೂರು ಕಾಪಿ ಇಟ್ಟಿದ್ದೇನೆ.

ಏಪ್ರಿಲ್ 22

ಹೊಸ ಕ್ಯಾನ್ವಾಸ್ ಸಂಜೆಯ ಬಸ್ಸಿಗೆ ಬಂತು, ಮದುವೆಯ ಹಿಂದಿನ ದಿನ! ಕಪ್ಪು ಕಿವಿಯಲ್ಲಿ ಬಿಳಿ ಸೀಳು, ದೂರದಿಂದಲೂ ಕಾಣುತ್ತದೆ. ತಾಂಡಾಕ್ಕೆ ನಾನೇ ಒಯ್ದೆ. ಕಾಜಲ್ ಎದೆಗೊತ್ತಿಕೊಂಡಳು. ಅಬ್ಬಾ, ನಾನು ಬದುಕಿದೆ.

ಏಪ್ರಿಲ್ 24

ನಿನ್ನೆ ಮದುವೆ. ಹೊರಡುವಾಗ ಮದುಮಗಳು ತಾಯಿಯ ಕೊರಳಿಗೆ ಬಿದ್ದು ಹಾಡಿ ಅಳುವುದು ಅವರ ಪದ್ಧತಿ. ಅದನ್ನು ತೆಗೆಯಲೆಂದೇ ಟೆಂಪೊ ಹತ್ತಿರ ನಿಂತಿದ್ದೆ. ಅಷ್ಟರಲ್ಲಿ ಮದುಮಗ ಸುಭಾಷ ಕ್ಯಾನ್ವಾಸ್ ನೋಡಿ, ಇದೇನು ಎಂದ. ಯಾರೋ ಹೇಳಿದರು.

"ಚಿತ್ರ ಯಾಕ? ನಾಯಿನ್ನ ಕರ್ಕೊಂಡು ಹೋಗೂಣು. ನಮ್ಮ ಹೊಲಕ್ಕೂ ಹಂದಿ ಬರ್ತಾವ."

ಇಷ್ಟು ದಿನ ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ! ಕಾಳ್ಯಾ ಮದುಮಗಳಿಗಿಂತ ಮೊದಲು ಟೆಂಪೊ ಹತ್ತಿದ. ಕಾಜಲ್ ಅಳುವುದನ್ನೇ ಮರೆತಳು. ಗಾಡಿ ಹೋಯಿತು. ದ್ವಾರಕಾಬಾಯಿ ಕ್ಯಾನ್ವಾಸ್ ಹಿಡಿದು ನಿಂತೇ ಇದ್ದರು.

ಮೇ 2, ಮಧ್ಯಾಹ್ನ

ದ್ವಾರಕಾಬಾಯಿ ಬಂದಿದ್ದಾರೆ, ಒಬ್ಬರೇ. ಕಾಳ್ಯಾನ ಚಿತ್ರ ಒಲೆಯ ಎದುರಿಗೆ ಹಾಕಿದ್ದಾರಂತೆ. ಪಕ್ಕದಲ್ಲಿ ಮಗಳದೂ ಬೇಕು, ಹಾಗೆಯೇ ಕಪ್ಪು ಬಿಳುಪು.

"ಆಕಿ ಹೆಂಗ ಅದಾಳೋ ಹಂಗ ಇರ್ಲಿ ತಂಗಿ. ಏನೂ ಅಳಸಬ್ಯಾಡ."

ಮಂಟಪದ ಫೋಟೋಗಳನ್ನು ಹಳೆಯ ಚಾಳಿಯಂತೆ ಕಾಪಿ ಇಡದೆ ಆಗಲೇ ಬೆಳ್ಳಗೆ ಮಾಡಿಬಿಟ್ಟಿದ್ದೆ. ಮುಟ್ಟದೆ ಉಳಿದದ್ದು ಟೆಂಪೊದ್ದು ಒಂದೇ. ಕಾಜಲ್ ನಾಯಿಯ ಕತ್ತು ತಬ್ಬಿ ಬಾಯ್ತುಂಬ ನಗುತ್ತಿದ್ದಾಳೆ, ಗದ್ದದ ಕಲೆಯೂ ಇದೆ. ಅದನ್ನೇ ತೋರಿಸಿದೆ.

"ನೋಡಿಲ್ಲೆ, ಅವ್ವನ್ನ ಬಿಟ್ಟು ಹೊಂಟಾಕಿ ಅಳಬೇಕಿಲ್ಲೋ? ಹೆಂಗ ನಗತಾಳ ನೋಡು" ಎಂದು ಬೈದರು. ಬೈಯುತ್ತ ಬೈಯುತ್ತ ಆ ಹಾಡು ತಾವೇ ಶುರು ಮಾಡಿದ್ದಾರೆ, ಮಗಳು ಹಾಡದೆ ಬಿಟ್ಟದ್ದು. ಅಪ್ಪ ಅಂಗಡಿಯ ರೇಡಿಯೋ ನಿಲ್ಲಿಸಿದರು. ನಾನು ಕಂಪ್ಯೂಟರಿನ ಹಿಂದೆ ಕೂತು, ಒದ್ದೆ ಕಣ್ಣು ಅವರಿಗೆ ಕಾಣದಿರಲೆಂದು, ತಲೆ ತಗ್ಗಿಸಿ ಇದನ್ನು ಬರೆಯುತ್ತಿದ್ದೇನೆ.